ಅಪ್ಪಯ್ಯ ಮತ್ತೆ ಅರ್ಥಕ್ಕೆ ಕೂತ ರಾತ್ರಿ

ಆ ಕುಂಟೆಯನ್ನು ಸ್ವಲ್ಪ ಮುಂದೆ ದೂಡು, ಉರಿ ಹತ್ತಲಿ. ತಾಳಮದ್ದಳೆಯ ಮಾತು ಹೇಗೂ ಬಂತು, ಈ ಗಾಳಿಮಳೆಗೆ ಕರೆಂಟು ಬೆಳಗಿನವರೆಗೆ ಬರುವುದಿಲ್ಲ. ಅಪ್ಪಯ್ಯ ವಿದುರನ ಅರ್ಥ ಹೇಳಿದ ರಾತ್ರಿಯನ್ನು ನೀವು ಚಿಕ್ಕವರು ಕಂಡಿಲ್ಲ. ಕಂಡವರು ಆ ಅರ್ಥವನ್ನು ಈಗಲೂ ಹೊಗಳುತ್ತಾರೆ, ಅದರ ಹಿಂದೆ ಏನಿತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೇಳಲಿಕ್ಕೆ ಅವರಿಗೆ ಸಂಕೋಚ. ಅಪ್ಪಯ್ಯನಿಗೇ ಕೊನೆಗೆ ಆ ಸಂಕೋಚ ಉಳಿದಿರಲಿಲ್ಲ, ಹಾಗಾಗಿ ನಾನೂ ಬಿಡಿಸಿಯೇ ಹೇಳುತ್ತೇನೆ. ಅದು ಜೊಲ್ಲಿನ ಕಥೆ.

ನಮ್ಮ ಸಾಗರದ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ, ಎದುರುಬದುರು ಕೂತವರು ಅರ್ಥ ಹೇಳುತ್ತ, ಅಂದರೆ ಬರೀ ಮಾತಿನಲ್ಲಿ, ಹಸ್ತಿನಾವತಿಯನ್ನು ಎಬ್ಬಿಸಿ ನಿಲ್ಲಿಸಬೇಕು. ಅಪ್ಪಯ್ಯನಿಗೆ ಅದೇ ಉಸಿರು. ಪ್ರಾಯದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲೆಂದೇ ಘಟ್ಟ ಇಳಿದು ಹೋಗಿ, ಬೆಳಗಿನ ಬಸ್ಸಿಗೆ ವಾಪಸು ಬಂದು, ನಿದ್ದೆಗೆಟ್ಟ ಕಣ್ಣಿನಲ್ಲೇ ತೋಟಕ್ಕೆ ಇಳಿಯುತ್ತಿದ್ದನಂತೆ. ದೊಡ್ಡ ಅರ್ಥಧಾರಿ ಎನಿಸಿಕೊಳ್ಳಲಿಲ್ಲ ನಿಜ. ಆದರೆ ಸುತ್ತಲಿನ ಊರುಗಳಲ್ಲಿ ಭೀಷ್ಮನಿಗೋ ವಿದುರನಿಗೋ ಜನ ಬೇಕಾದರೆ ಮೊದಲು ನಮ್ಮ ಮನೆಯ ಫೋನು ಬಡಿದುಕೊಳ್ಳುತ್ತಿತ್ತು.

ಕಾಯಿಲೆ ಶುರುವಾದದ್ದು ನಡುಕದಿಂದ ಅಲ್ಲ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅವನ ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಕುಗ್ಗತೊಡಗಿತು. ನಡೆಯುವಾಗ ಬಲಗೈ ಬೀಸುವುದು ನಿಂತಿತು. ದನಿ ಇಳಿಯಿತು. ಬೆರಳು ನಡುಗಲು ತೊಡಗಿದ್ದು ಅದೆಲ್ಲ ಆದ ಮೇಲೆ. ಶಿವಮೊಗ್ಗದ ನರರೋಗದ ಡಾಕ್ಟರು ಕೈ ಮಡಚಿಸಿ, ಬಿಡಿಸಿ, ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿ, ಪಾರ್ಕಿನ್ಸನ್ ಅಂದರು. ಮಿದುಳಿನ ಆಳದಲ್ಲಿ ಕಪ್ಪಗಿನ ಒಂದು ಸಣ್ಣ ಜಾಗ ಇದೆಯಂತೆ. ಅಲ್ಲಿನ ಜೀವಕೋಶಗಳು ಸಾಯುತ್ತ ಬಂದ ಹಾಗೆ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ, ಮೈಯ ಚಲನೆಯೆಲ್ಲ ನಿಧಾನವಾಗುತ್ತದೆ. ಲೆವೊಡೋಪಾ ಮಾತ್ರೆ ಶುರುವಾಯಿತು. ನಡಿಗೆ ಸುಧಾರಿಸಿತು, ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವಂತಾದ. ಇಷ್ಟೇ ಆಗಿದ್ದರೆ ಅಪ್ಪಯ್ಯ ತಾಳಿಕೊಳ್ಳುತ್ತಿದ್ದ. ಅವನನ್ನು ಮುರಿದದ್ದು ಬೇರೆ.

ಮೊದಲು ದಿಂಬು ಒದ್ದೆಯಾಗುತ್ತಿತ್ತು, ನಿದ್ದೆಯಲ್ಲಿ ಯಾರಿಗಾದರೂ ಆಗುತ್ತದೆ ಅಂತ ಬಿಟ್ಟೆವು. ಆಮೇಲೆ ಹಗಲಿನಲ್ಲೂ ಶುರುವಾಯಿತು. ಪೇಪರು ಓದುತ್ತ ಕೂತರೆ ಅಕ್ಷರದ ಮೇಲೆ ಹನಿ. ಮಾತಾಡಲು ಬಾಯಿ ತೆರೆದರೆ ಮಾತಿಗಿಂತ ಮುಂಚೆ ಕಟವಾಯಿಯಿಂದ ಎಳೆ. ನಮ್ಮದು ಎಂಜಲು, ಮುಸುರೆ, ಮಡಿ ಎಂದು ಬೆಳೆದ ಮನೆ. ಎಂಜಲು ಕೈಯಲ್ಲಿ ಉಪ್ಪಿನ ಭರಣಿ ಮುಟ್ಟಿದರೆ ಅಜ್ಜಿ ಗದರುತ್ತಿದ್ದಳು. ಅಂಥ ಮನೆಯ ಯಜಮಾನನ ಬಾಯಿಂದ ಅವನ ಹಿಡಿತಕ್ಕೆ ಸಿಗದೆ ಎಂಜಲು ಸುರಿಯುವುದೆಂದರೆ ಏನು ಅಂತ ಯೋಚಿಸಿ. ದೇವರ ಪೂಜೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿಬಿಟ್ಟ. ಮಂತ್ರ ಹೇಳುವಾಗ ಸಾಲಿಗ್ರಾಮದ ಮೇಲೆ ಹನಿ ಬಿದ್ದರೆ ಎಂಬ ಭಯ. ಊಟದ ಪಂಕ್ತಿಯಲ್ಲಿ ಕಡೆಯ ಎಲೆಗೆ ಕೂರತೊಡಗಿದ. ಬರಬರುತ್ತ ಪಂಕ್ತಿಗೇ ಬರಲಿಲ್ಲ, ಒಳಗಿನ ಕೋಣೆಗೆ ತಟ್ಟೆ ತರಿಸಿಕೊಂಡ. ನಿನ್ನ ಅಕ್ಕ ಆಗ ತಾನೇ ಹುಟ್ಟಿದ ಕೂಸು. ಎತ್ತಿಕೊ ಅಂದರೆ ಕೈ ನಡುಗುತ್ತದೆ ಅನ್ನುತ್ತಿದ್ದ. ಕೈಯ ನೆಪ ಅದು, ಹೆದರಿಕೆ ಬಾಯಿಯದು.

ಹೆಗಲ ಮೇಲೆ ಯಾವಾಗಲೂ ಒಂದು ಪಾಣಿಪಂಚೆ ಇರುತ್ತಿತ್ತು. ಒರೆಸಿ ಒರೆಸಿ ಬಾಯಿಯ ಮೂಲೆ ಹುಣ್ಣಾಗಿತ್ತು. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಅದಕ್ಕಿಂತ ನೋವು ಬಂದವರ ನೋಟದ್ದು. ಪಾರ್ಕಿನ್ಸನ್ ಮುಖದ ಸ್ನಾಯುಗಳನ್ನೂ ಬಿಗಿಯುತ್ತದೆ, ಹುಬ್ಬು ಏಳುವುದಿಲ್ಲ, ನಗು ಮುಖಕ್ಕೆ ಬರುವುದಿಲ್ಲ. ಬಾಯಿ ಅರ್ಧ ತೆರೆದು ಜೊಲ್ಲು ಇಳಿದರೆ ನೋಡಿದವರು ಬುದ್ಧಿಯೇ ಮಂಕಾಗಿದೆ ಅಂದುಕೊಳ್ಳುತ್ತಾರೆ. ಅವನೆದುರಿಗೇ ಅಮ್ಮನ ಹತ್ತಿರ, ಇವರಿಗೆ ಗುರುತು ಸಿಗುತ್ತದಾ ಅಂತ ಕೇಳಿದವರಿದ್ದಾರೆ. ಗದುಗಿನ ಭಾರತದ ಉದ್ಯೋಗಪರ್ವ ಬಾಯಿಗೆ ಬರುತ್ತಿದ್ದ ಮನುಷ್ಯ ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದ.

ಇಲ್ಲಿ ಒಂದು ಔಷಧದ ಸಂಗತಿ ಹೇಳಬೇಕು. ಜೊಲ್ಲು ನಿಲ್ಲಲಿ ಎಂದು ಬೇರೊಂದು ಊರಿನ ಡಾಕ್ಟರೊಬ್ಬರು ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಬರೆದುಕೊಟ್ಟರು. ಬಾಯಿ ಒಣಗಿದ್ದು ಹೌದು. ನಾಲಗೆ ಅಂಗುಳಕ್ಕೆ ಅಂಟಿ, ಇದ್ದಬದ್ದ ಮಾತೂ ತೊದಲಿತು. ಮಲಬದ್ಧತೆ ಹೆಚ್ಚಿತು, ಮೂತ್ರ ಕಟ್ಟಿತು. ಒಂದು ನಡುರಾತ್ರಿ ಎದ್ದು ಅಂಗಳಕ್ಕೆ ದನ ನುಗ್ಗಿವೆ, ಒಣಗಿಸಿದ ಅಡಿಕೆ ತುಳಿಯುತ್ತಿವೆ ಅಂತ ಕೂಗತೊಡಗಿದ. ಅಂಗಳದಲ್ಲಿ ದನವೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಶಿವಮೊಗ್ಗದ ಡಾಕ್ಟರಿಗೆ ಹೇಳಿದ ಕೂಡಲೇ ಅವರು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ಬಿಡಿಸಿದರು. ವಯಸ್ಸಾದವರಲ್ಲಿ ಇದು ನೆನಪನ್ನು ಕೆಡಿಸುತ್ತದೆ, ಇಲ್ಲದ್ದನ್ನು ಕಾಣಿಸುತ್ತದೆ ಅಂದರು. ಆಮೇಲೆ ಓದಿದಾಗ ತಿಳಿಯಿತು, ಈ ಜಾತಿಯ ಮದ್ದು ಪಾರ್ಕಿನ್ಸನ್ನಿಗೆ ಎಲ್ಲಕ್ಕಿಂತ ಹಳೆಯದು. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ದೊಡ್ಡ ವೈದ್ಯರ ಶಿಷ್ಯ ಆರ್ಡೆನ್‌ಸ್ಟೈನ್ 1867ರಲ್ಲಿ ಬೆಲಡೋನಾ ಗಿಡದ ಸತ್ವವನ್ನು ಕೊಡುವ ಬಗ್ಗೆ ಬರೆದಿದ್ದ. ನಮ್ಮ ಹಿತ್ತಲ ಉಮ್ಮತ್ತಿಯೂ ಅದೇ ಕುಲದ್ದು. ಉಮ್ಮತ್ತಿ ಕಾಯಿ ತಿಂದವನ ಬಾಯಿ ಒಣಗುತ್ತದೆ, ಭ್ರಮೆ ಹಿಡಿಯುತ್ತದೆ ಎಂದು ಇಲ್ಲಿ ಯಾರಿಗೆ ಗೊತ್ತಿಲ್ಲ? ಕಣ್ಣಿನ ಅಟ್ರೋಪಿನ್ ಹನಿಯನ್ನು ನಾಲಗೆಯಡಿಗೆ ಬಿಡುವ ಪದ್ಧತಿಯೂ ಇದೆ. ಅದೂ ಇದೇ ದಾರಿಯದು, ವೈದ್ಯರ ಕಣ್ಣೆದುರು ಮಾತ್ರ ಆಗಬೇಕಾದ್ದು.

ಆ ಸಲ ಶಿವಮೊಗ್ಗದ ಡಾಕ್ಟರು ಹೇಳಿದ ಒಂದು ಮಾತು ನಮ್ಮ ಮನೆಯನ್ನೇ ಬದಲಾಯಿಸಿತು. "ಇವರಿಗೆ ಉಗುಳು ಜಾಸ್ತಿಯಾಗಿದೆ ಅಂದುಕೊಂಡಿದ್ದೀರಿ. ಆಗಿಲ್ಲ. ಈ ಕಾಯಿಲೆಯಲ್ಲಿ ಉಗುಳು ಎಷ್ಟೋ ಸಲ ಕಡಿಮೆಯೇ ಆಗಿರುತ್ತದೆ. ನುಂಗುವುದು ಕಡಿಮೆಯಾಗಿದೆ ಅಷ್ಟೆ." ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು 1 ಲೀಟರು, ಕೆಲವರಲ್ಲಿ 1.5 ಲೀಟರಿನವರೆಗೂ ಉಗುಳು ಊರುತ್ತದೆ. ಎಚ್ಚರವಿದ್ದಾಗ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಗೊತ್ತಿಲ್ಲದೆಯೇ ನುಂಗಿಬಿಡುತ್ತೇವೆ, ಅದಕ್ಕೇ ಅದರ ಸುದ್ದಿಯೇ ನಮಗಿಲ್ಲ. ನಡೆಯುವಾಗ ಕೈ ಬೀಸುವುದು ಹೇಗೆ ತಾನಾಗಿ ಆಗುವ ಕೆಲಸವೋ ಇದೂ ಹಾಗೇ. ಬಲಗೈ ಬೀಸಲು ಮರೆತ ಮೈ ನುಂಗಲೂ ಮರೆತಿದೆ. ಜೊತೆಗೆ ಕುತ್ತಿಗೆ ಮುಂದೆ ಬಾಗಿದೆ, ತುಟಿ ಸರಿಯಾಗಿ ಮುಚ್ಚುವುದಿಲ್ಲ, ಆದ್ದರಿಂದ ಹೊರಗೆ ಬರುತ್ತದೆ. ಲಂಡನ್ನಿನ ಹಾಕ್ಸ್‌ಟನ್‌ನಲ್ಲಿದ್ದ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರೇ ಆರು ಜನರನ್ನು ನೋಡಿ ಈ ಕಾಯಿಲೆಯ ಬಗ್ಗೆ ಪುಸ್ತಕ ಬರೆದ. ಆ ಆರರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಅಷ್ಟರಲ್ಲೇ ಅವನು, ಉಗುಳು ಗಂಟಲಿನ ಹಿಂಭಾಗಕ್ಕೆ ಸಾಗದೆ ಬಾಯಿಂದ ಇಳಿಯುತ್ತದೆ ಎಂದು ಗುರುತಿಸಿದ್ದ. ಇನ್ನೂರು ವರ್ಷದ ಹಿಂದೆ ಒಬ್ಬ ವೈದ್ಯ ಕಣ್ಣಿಟ್ಟು ನೋಡಿ ಬರೆದಿಟ್ಟ ಸಂಗತಿ ನಮ್ಮ ಜಗಲಿಗೆ ಬರಲು ಇಷ್ಟು ಕಾಲ ಬೇಕಾಯಿತಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಡಾಕ್ಟರು ಅಪ್ಪಯ್ಯನ ಹಲ್ಲು ನೋಡಿ, "ಕವಳ ಹಾಕುತ್ತೀರಾ?" ಅಂದರು. ಅಡಿಕೆ ಬೆಳೆಯುವವನಿಗೆ ಆ ಪ್ರಶ್ನೆ! ಅಡಿಕೆಯಲ್ಲಿರುವ ಅರೆಕೋಲಿನ್ ಉಗುಳಿನ ಗ್ರಂಥಿಗಳನ್ನು ಕೆರಳಿಸುತ್ತದೆ. ಅಂದರೆ ಟ್ರೈಹೆಕ್ಸಿಫೆನಿಡಿಲ್ ತೆಗೆದುಕೊಳ್ಳುತ್ತ ಕವಳ ಜಗಿಯುವುದೆಂದರೆ ಒಂದೇ ತೋಟಕ್ಕೆ ಒಬ್ಬ ನೀರು ಬಿಟ್ಟು ಇನ್ನೊಬ್ಬ ಕಟ್ಟ ಹಾಕಿದ ಹಾಗೆ. ಬಾಯಿ ಕ್ಯಾನ್ಸರಿನ ಭಯ ಬೇರೆ ಇದ್ದೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕ ಎಂದು ಸಾರಿದೆ. ಇದನ್ನು ಹೇಳುವಾಗ ನನ್ನ ಹೊಟ್ಟೆಯಲ್ಲೂ ಕಸಿವಿಸಿ, ನಾವು ಉಂಡದ್ದು ಅಡಿಕೆಯ ಅನ್ನ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅಪ್ಪಯ್ಯ ಮನೆಗೆ ಬಂದವನೇ ಕವಳದ ಬಟ್ಟಲನ್ನು ನಾಗಂದಿಗೆಯ ಮೇಲೆ ಎತ್ತಿಟ್ಟ. ಮತ್ತೆ ಇಳಿಸಲಿಲ್ಲ.

ಡಾಕ್ಟರು ಕಳಿಸಿದ್ದು ಮಾತಿನ ಚಿಕಿತ್ಸೆಯ ಒಬ್ಬ ಹುಡುಗಿಯ ಹತ್ತಿರ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದವಳು. ಅವಳು ಬಂದ ಕೂಡಲೇ ವ್ಯಾಯಾಮ ಹೇಳಿಕೊಡಲಿಲ್ಲ. ಅಪ್ಪಯ್ಯನ ಜೊತೆ ಹರಟುತ್ತ ಕೂತು, ಯಾವಾಗ ಹನಿ ಬೀಳುತ್ತದೆ ಎಂದು ನೋಡುತ್ತಿದ್ದಳು. "ಮಾತಾಡುವಾಗಿನದಕ್ಕಿಂತ ನೀವು ಮನಸ್ಸಿಟ್ಟು ಕೇಳುವಾಗ ಜಾಸ್ತಿ," ಅಂದಳು. ಮನಸ್ಸು ಇನ್ನೊಂದರಲ್ಲಿ ಮುಳುಗಿದರೆ ನುಂಗುವುದು ಮರೆತೇ ಹೋಗುತ್ತದೆ. ಅವಳು ಹೇಳಿಕೊಟ್ಟದ್ದು ಕೇಳಲು ಸಣ್ಣದು, ಮಾಡಲು ಗಟ್ಟಿ ಮನಸ್ಸು ಬೇಕು. ಗದ್ದ ಎತ್ತಿ ನೆಟ್ಟಗೆ ಕೂರುವುದು. ತುಟಿ ಮುಚ್ಚಿ, ಹಲ್ಲು ಕೂಡಿಸಿ, ಬೇಕೆಂದೇ ಗಟ್ಟಿಯಾಗಿ ನುಂಗುವುದು. ಮಾತು ಶುರುಮಾಡುವ ಮುನ್ನ ಒಮ್ಮೆ, ಕುರ್ಚಿಯಿಂದ ಏಳುವ ಮುನ್ನ ಒಮ್ಮೆ. ಕವಳದ ಬದಲು ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್, ಯಾಕೆಂದರೆ ಜಗಿಯುತ್ತಿದ್ದರೆ ನುಂಗುವುದು ತಾನಾಗಿ ಬರುತ್ತದೆ. ಹಲ್ಲು, ನಾಲಗೆ ಚೊಕ್ಕ ಇರಬೇಕು ಎಂದು ಅವಳು ತುಂಬ ಒತ್ತಿ ಹೇಳಿದಳು. ಹೊರಗೆ ಬೀಳುವ ಜೊಲ್ಲು ಮುಜುಗರದ್ದು ಅಷ್ಟೆ, ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುವುದು ಜೀವಕ್ಕೆ ಅಪಾಯ. ಪಾರ್ಕಿನ್ಸನ್ ಇದ್ದವರನ್ನು ಕೊನೆಗೆ ಒಯ್ಯುವುದು ಎಷ್ಟೋ ಸಲ ಹಾಗೆ ಹುಟ್ಟುವ ನ್ಯುಮೋನಿಯಾ. ನೀರು ಕುಡಿಯುವಾಗ ಕೆಮ್ಮು ಬರುತ್ತದೋ, ಊಟವಾದ ಮೇಲೆ ದನಿ ಗೊರಗೊರ ಅನ್ನುತ್ತದೋ ನೋಡುತ್ತಿರಿ ಎಂದು ಅಮ್ಮನಿಗೆ ಹೇಳಿದಳು.

ನುಂಗುವುದು ನೆನಪಾಗಲಿಕ್ಕೆ ಒಂದು ಸೂಚನೆ ಬೇಕು ಅಂದಳು. ಹೊರದೇಶಗಳಲ್ಲಿ ಅಂಗಿಗೆ ಸಿಕ್ಕಿಸುವ ಸಣ್ಣ ಯಂತ್ರವಿದೆಯಂತೆ, ಅದು ಬೀಪ್ ಅಂದಾಗ ನುಂಗಬೇಕು. ಈ ಮಾತು ನಡೆಯುವಾಗ ನಮ್ಮ ಜಗಲಿಯಲ್ಲಿ ಇನ್ನೊಬ್ಬರು ಕೂತಿದ್ದರು, ಅಪ್ಪಯ್ಯನ ಹಳೆಯ ಜೊತೆಗಾರ ಭಾಗವತರು. ಅವರು, "ಬೀಪ್ ಯಾಕೆ? ತಾಳ ಇಲ್ಲವಾ?" ಅಂದರು.

ಅಲ್ಲಿಂದ ಹೊಸ ಅಧ್ಯಾಯ. ಭಾಗವತರು ಸಂಜೆ ಬಂದು ಇದೇ ಹೊಡಸಲಿನ ಬೆಂಕಿಯ ಮುಂದೆ ಕೂರುತ್ತಿದ್ದರು. ಒಂದು ಪದ್ಯ ಹೇಳುವುದು, ಕೊನೆಯಲ್ಲಿ ತಾಳವನ್ನು ಒಂದು ಪೆಟ್ಟು ಹೆಚ್ಚು ಹಾಕುವುದು. ಆ ಪೆಟ್ಟಿಗೆ ಅಪ್ಪಯ್ಯ ನುಂಗಬೇಕು, ಉಸಿರು ತುಂಬಿಕೊಳ್ಳಬೇಕು, ಆಮೇಲೆ ಅರ್ಥ. ಪಾರ್ಕಿನ್ಸನ್ನಿನಲ್ಲಿ ಒಳಗಿನ ಚಾಲನೆ ಕುಂದಿದರೂ ಹೊರಗಿನ ಲಯಕ್ಕೆ ಮೈ ಓಗೊಡುತ್ತದೆ. ನೆಲದ ಮೇಲೆ ಗೆರೆ ಎಳೆದರೆ ಕಾಲು ಎತ್ತಿ ಇಡುವುದನ್ನು ಆ ಹುಡುಗಿಯೇ ತೋರಿಸಿದ್ದಳು. ಜೀವಮಾನವೆಲ್ಲ ತಾಳ ಕೇಳಿದ ಮೈ ಅಪ್ಪಯ್ಯನದು. ವಾರಗಳು ಕಳೆದ ಹಾಗೆ ನುಂಗುವುದು ತಾಳಕ್ಕೆ ಸಿಕ್ಕಿತು. ಮತ್ತೊಂದು ದಿನ ಭಾಗವತರು ಎದ್ದು ಹೋಗುವಾಗ, ಶ್ರಾವಣದಲ್ಲಿ ಕೃಷ್ಣ ಸಂಧಾನ ಇಟ್ಟುಕೊಂಡಿದ್ದೇವೆ, ವಿದುರ ನಿನ್ನದು ಅಂದರು. ಅಪ್ಪಯ್ಯ ಮುಖ ಆ ಕಡೆ ತಿರುಗಿಸಿದ. ಆಗುವುದಿಲ್ಲ ಅನ್ನಲಿಲ್ಲ.

ಅವತ್ತಿನ ತಯಾರಿಯನ್ನು ಅಮ್ಮ ಮದುವೆಯ ಮುಹೂರ್ತದಂತೆ ನಡೆಸಿದಳು. ಲೆವೊಡೋಪಾ ಊಟದೊಟ್ಟಿಗೆ ಸೇರಿದರೆ ಸರಿಯಾಗಿ ಹಿಡಿಯುವುದಿಲ್ಲ, ಬೇಳೆ ಮೊಸರಿನ ಪ್ರೋಟೀನು ಅದನ್ನು ತಡೆಯುತ್ತದೆ. ಆದ್ದರಿಂದ ಸಂಜೆ 6ಕ್ಕೇ ತೆಳು ಗಂಜಿ. ಮಾತ್ರೆ ರಾತ್ರಿ 8.30ಕ್ಕೆ. 9ಕ್ಕೆ ಪ್ರಸಂಗ ಶುರುವಾಗಿ ವಿದುರ ಬಾಯಿ ತೆರೆಯುವ ಹೊತ್ತಿಗೆ ಅದು ಪೂರ್ತಿ ಹತ್ತಿರಬೇಕು. ಕೂರಲು ಚಾಪೆಯ ಬದಲು ನೆಟ್ಟಗಿನ ಬೆನ್ನಿನ ಕುರ್ಚಿ. ದನಿ ಇಳಿದಿದೆ ಎಂದು ಮೈಕನ್ನು ಹತ್ತಿರಕ್ಕೆ, ಆದರೆ ಬಾಯಿಗೆ ಎದುರಲ್ಲ, ಸ್ವಲ್ಪ ಓರೆಗೆ. ಕೊರಳಿಗೆ ಕಂದು ಬಣ್ಣದ ಶಾಲು, ಒದ್ದೆಯಾದರೆ ತೋರುವುದಿಲ್ಲ.

ಮಳೆ ಧೋ ಎಂದು ಸುರಿಯುತ್ತಿತ್ತು, ದೇವಸ್ಥಾನದ ಚಂದ್ರಶಾಲೆ ತುಂಬಿತ್ತು. ಮೊದಲಿನದು ಸುಲಭದ ದೃಶ್ಯ. ಕೃಷ್ಣ ಅರಮನೆಗಳನ್ನೆಲ್ಲ ಬಿಟ್ಟು ವಿದುರನ ಮನೆಗೆ ಬರುತ್ತಾನೆ. ಪದ್ಯ ಮುಗಿಯಿತು, ತಾಳದ ಆ ಹೆಚ್ಚಿನ ಪೆಟ್ಟು ಬಿತ್ತು, ಅಪ್ಪಯ್ಯನ ಗಂಟಲು ಮೇಲೆ ಕೆಳಗೆ ಆಯಿತು. ಬಂದ ದನಿ ಸಣ್ಣದು. ಬಡವನ ಮನೆಯ ಬಾಗಿಲಿನಲ್ಲಿ ದೇವರು ನಿಂತಾಗ ಯಾರ ದನಿ ತಾನೇ ದೊಡ್ಡದಿರುತ್ತದೆ? ಜನ ಮುಂದಕ್ಕೆ ಬಾಗಿ ಕೇಳಿದರು.

ಕಷ್ಟವಿದ್ದದ್ದು ಸಭೆಯ ದೃಶ್ಯದಲ್ಲಿ. ಅಲ್ಲಿ ಕೌರವ ಉದ್ದಕ್ಕೆ ಮಾತಾಡುತ್ತಾನೆ, ವಿದುರ ಕೇಳುತ್ತ ಕೂರಬೇಕು. ಕೇಳುವಾಗಲೇ ನುಂಗುವುದು ಮರೆಯುತ್ತದಲ್ಲ, ತಾಳವೂ ಇರುವುದಿಲ್ಲ. ಇದಕ್ಕೆ ಉಪಾಯವನ್ನು ಯಾರು ಯೋಚಿಸಿದರೋ ನನಗೆ ಮೊದಲು ತಿಳಿಯಲಿಲ್ಲ. ಕೌರವನ ಅರ್ಥ ಹೇಳುತ್ತಿದ್ದವರು ಪ್ರತಿ ನಾಲ್ಕೈದು ವಾಕ್ಯಕ್ಕೊಮ್ಮೆ ತಿರುಗಿ, "ಕೇಳಿಸಿತೇ ವಿದುರಾ?" ಎಂದು ಗದರುತ್ತಿದ್ದರು. ಗದರಿದಾಗಲೆಲ್ಲ ಅಪ್ಪಯ್ಯ ಗದ್ದ ಎತ್ತುತ್ತಿದ್ದ, ನುಂಗುತ್ತಿದ್ದ, ತಲೆಯಾಡಿಸುತ್ತಿದ್ದ. ನೋಡಿದವರಿಗೆ ಅದು ಕೌರವನ ದರ್ಪ, ವಿದುರನ ಸಹನೆ. ಅರ್ಧ ದೃಶ್ಯ ಕಳೆದ ಮೇಲೆ ನನಗೆ ಹೊಳೆಯಿತು. ಅವರು ತಮ್ಮ ಅರ್ಥದ ಓಟವನ್ನೇ ಮುರಿದುಕೊಂಡು ಜೊತೆಗಾರನ ಬಾಯಿಯನ್ನು ಕಾಯುತ್ತಿದ್ದರು. ಅಂಥ ಕಲಾವಿದನನ್ನು ನಾನು ಮತ್ತೆ ಕಂಡಿಲ್ಲ.

ಆಮೇಲೆ ಕೌರವ ದಾಸಿಯ ಮಗನೆಂದು ಹಂಗಿಸುವ ಘಟ್ಟ. ವಿದುರ ಸಿಟ್ಟಿನಿಂದ ಬಿಲ್ಲು ಮುರಿಯಬೇಕು. ಅಪ್ಪಯ್ಯನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ಅಲುಗುವಂತಿರಲಿಲ್ಲ. ಆ ಕಲ್ಲುಮುಖದಿಂದ ಮಾತು ಒಂದೊಂದಾಗಿ ಬಂತು: "ಕೌರವಾ, ಈ ಬಿಲ್ಲನ್ನು ನಿನ್ನ ಮನೆ ಕಾಯಲೆಂದು ಇಟ್ಟುಕೊಂಡಿದ್ದೆ. ಇದರ ಹೆದೆಯನ್ನು ಶತ್ರು ಕತ್ತರಿಸಲಿಲ್ಲ. ನಿನ್ನ ನಾಲಗೆ ಕತ್ತರಿಸಿತು." ಆವೇಶದಲ್ಲಿ ನುಂಗುವುದು ತಪ್ಪಿತು. ಎಳೆ ಇಳಿದು ದೀಪದ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತೆ ಹೊಳೆಯಿತು. ಅಮ್ಮ ನನ್ನ ಕೈ ಹಿಡಿದಳು. ಅಪ್ಪಯ್ಯ ಗಡಬಡಿಸಲಿಲ್ಲ, ಮುಖ ತಿರುಗಿಸಲಿಲ್ಲ. ಶಾಲಿನ ತುದಿಯಿಂದ ನಿಧಾನಕ್ಕೆ ಒರೆಸಿದ, ನುಂಗಿದ, ಗದ್ದ ಎತ್ತಿದ. ಸಭೆ ಕಾಯಿತು. ಮತ್ತೆ ಮುಂದಿನ ವಾಕ್ಯ, ಅದಕ್ಕಿಂತ ಗಟ್ಟಿಯಾಗಿ.

ಮುಂದೆ ಕಾಯಿಲೆ ಬೆಳೆದ ಹಾಗೆ ತಾಳ, ಗಮ್ ಯಾವುದೂ ಸಾಲದ ಕಾಲ ಬಂತು, ಅದನ್ನೂ ಹೇಳಿಬಿಡುತ್ತೇನೆ. ಆಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬೊಟುಲಿನಮ್ ಟಾಕ್ಸಿನ್ ಕೊಡಿಸಿದೆವು. ಕಿವಿಯ ಮುಂದೆ, ದವಡೆಯ ಕೆಳಗೆ ಉಗುಳಿನ ಗ್ರಂಥಿಗಳಿವೆ. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಅವುಗಳಿಗೇ ಸಣ್ಣ ಸೂಜಿಯಲ್ಲಿ ಬಿಡುತ್ತಾರೆ. ನರ ಗ್ರಂಥಿಗೆ ಕೊಡುವ ಅಪ್ಪಣೆ ಅಲ್ಲೇ ತಡೆದು ನಿಲ್ಲುತ್ತದೆ, ಮಿದುಳಿಗೆ ಏರಿ ಭ್ರಮೆ ಹುಟ್ಟಿಸುವುದಿಲ್ಲ. ಅಮೆರಿಕದಲ್ಲಿ ಸರ್ಕಾರ ಜೊಲ್ಲಿಗೆಂದೇ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಪರಿಣಾಮ ಸುಮಾರು ಮೂರು ತಿಂಗಳು, ಆಮೇಲೆ ಮತ್ತೆ ಕೊಡಬೇಕು. ಕೈ ಪಳಗಿದವರೇ ಕೊಡಬೇಕು, ಮದ್ದು ಪಕ್ಕದ ಸ್ನಾಯುಗಳಿಗೆ ಹರಡಿದರೆ ನುಂಗುವುದೇ ಇನ್ನಷ್ಟು ಕಷ್ಟವಾಗುತ್ತದೆ. ಅಪ್ಪಯ್ಯನಿಗೆ ಒಳ್ಳೆಯದೇ ಆಯಿತು. ಪಂಕ್ತಿಯಲ್ಲಿ ನಡುವಿನ ಎಲೆಗೆ ಕೂತು ಹೋಳಿಗೆ ಉಂಡ.

ಆ ರಾತ್ರಿಯ ಕೊನೆ ಹೇಳಲಿಲ್ಲ ಅಲ್ಲವಾ? ಮಂಗಳದ ಪದ ಆಯಿತು, ಜನ ಕೊಡೆ ಹುಡುಕುತ್ತಿದ್ದರು. ಒಬ್ಬ ಮುದುಕ ಅಪ್ಪಯ್ಯನ ಕುರ್ಚಿಯ ಹತ್ತಿರ ಬಂದು ಅಲ್ಲೇ ಸುಳಿದಾಡುತ್ತ ನಿಂತ. ಅರ್ಥದ ಬಗ್ಗೆ ಹೇಳಲು ಬಂದಿರಬೇಕು ಅಂದುಕೊಂಡೆ. ಅವನು ಬಗ್ಗಿ, ತನ್ನ ಹೆಂಡತಿಗೂ ಇದೇ ಆಗುತ್ತದೆ, ಮನೆಯಿಂದ ಹೊರಗೆ ಬರದೆ ಎರಡು ಮಳೆಗಾಲ ಕಳೆಯಿತು, ಯಾರ ಹತ್ತಿರವೂ ಹೇಳಿಲ್ಲ ಎಂದು ಪಿಸುಗುಟ್ಟಿದ.

ಅಪ್ಪಯ್ಯ ಪಿಸುಗುಟ್ಟಲಿಲ್ಲ. ಮೈಕು ಇನ್ನೂ ಚಾಲೂ ಇತ್ತು. "ಕೂತ್ಕೊ," ಅಂದ. "ಮೊದಲು ಇದು ತಿಳಕೋ, ಅವಳಿಗೆ ಉಗುಳು ಜಾಸ್ತಿಯಾದ್ದಲ್ಲ, ನುಂಗೋದು ಮರೆತದ್ದು. ಕವಳ ಹಾಕ್ತಾಳಾ? ಬಿಡಿಸು. ಬಾಯಿ ಒಣಗಿಸೋ ಮಾತ್ರೆ ಯಾರ್ಯಾರೋ ಹೇಳಿದ್ದು ಕೇಳಿ ಕೊಡಬೇಡ. ಮಾತಿನ ಡಾಕ್ಟರ ಹತ್ತಿರ ಕರಕೊಂಡು ಹೋಗು, ನುಂಗೋದನ್ನೂ ಅವರೇ ಕಲಿಸ್ತಾರೆ." ಮುದುಕ ಜೇಬಿನಲ್ಲಿ ಕಾಗದಕ್ಕೆ ತಡಕಿದ, ಸಿಗಲಿಲ್ಲ. ಭಾಗವತರು ಪ್ರಸಂಗದ ಪಟ್ಟಿಯ ಹಿಂದಿನ ಹಾಳೆ ಹರಿದು ಕೊಟ್ಟರು. ಅಪ್ಪಯ್ಯ ಒಮ್ಮೆ ನುಂಗಿ, ಮೊದಲಿನಿಂದ, ನಿಧಾನವಾಗಿ, ಬರೆಸತೊಡಗಿದ.